ಬಾಣ ಬಳುಕಿಕೊಂಡೇ ಹೋಗುತ್ತದೆ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಸಾಂಪ್ರದಾಯಿಕ ಬಿಲ್ಲು ಹಿಡಿದು ಜಿಂಕೆ ಬೇಟೆಗೆ ಹೋಗುವವರ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಬಿಲ್ಲಿಗೆ ಮುಕ್ಕಾಲು ಪುಟ ಕೊಟ್ಟು, ಬಾಣವನ್ನು ಎರಡೇ ಸಾಲಿನಲ್ಲಿ ಮುಗಿಸಿದೆ. ‘ಬಿಲ್ಲು ಬಲವಾದಷ್ಟೂ ಬಾಣ ನೇರ ಹೋಗುತ್ತದೆ’ ಎಂಬ ಮಾತಂತೂ ತಲೆಕೆಳಗು. ಬಾಣ ಅದೇ ಇದ್ದು ಬಿಲ್ಲು ಮಾತ್ರ ಬಲವಾದರೆ ಬಾಣ ಹೆಚ್ಚು ಬಾಗುತ್ತದೆ, ಗುರಿ ಇನ್ನಷ್ಟು ಕೆಡುತ್ತದೆ.

ಇಂಥ ಬಿಲ್ಲಿನಲ್ಲಿ ಬಾಣ ಕೂರುವುದು ಹಿಡಿಯ ಪಕ್ಕದಲ್ಲಿ. ಹೆದೆ ಮಾತ್ರ ನಟ್ಟನಡುವೆ ಓಡುತ್ತದೆ. ಹಾಗಾಗಿ ಹೆದೆ ಬಿಟ್ಟೊಡನೆ ಬಾಣದ ಕೋಲು ಅತ್ತಿತ್ತ ಬಳುಕಿ, ಹಿಡಿಯನ್ನು ಬಳಸಿಕೊಂಡು ಹೊರಡಬೇಕು. 1930ರ ದಶಕದಲ್ಲಿ ಕ್ಲಾರೆನ್ಸ್ ಹಿಕ್‌ಮನ್ ಎಂಬ ಭೌತವಿಜ್ಞಾನಿ ಇದನ್ನು ಅತಿವೇಗದ ಕ್ಯಾಮೆರಾದಲ್ಲಿ ಹಿಡಿದು ತೋರಿಸಿದ್ದಾರೆ. ಬಳುಕು ಬಿಲ್ಲಿಗೆ ತಕ್ಕಷ್ಟಿದ್ದರೆ ಬಾಣದ ಬಾಲ ಹಿಡಿಗೆ ತಾಗದೆ ದಾಟುತ್ತದೆ.

ಕೋಲು ಬಾಗದೆ ಎಷ್ಟು ಗಡುಸಾಗಿದೆ ಎಂಬ ಅಳತೆಗೆ ‘ಸ್ಪೈನ್’ ಎನ್ನುತ್ತಾರೆ. ಮರದ ಕೋಲನ್ನು 26 ಇಂಚು ದೂರದ ಎರಡು ಆಸರೆಗಳ ಮೇಲಿಟ್ಟು, ನಡುವೆ 2 ಪೌಂಡ್ ತೂಗುಹಾಕಿ, ಎಷ್ಟು ಇಂಚು ಬಾಗಿತೋ ಅದರಿಂದ 26ನ್ನು ಭಾಗಿಸಬೇಕು. 0.52 ಇಂಚು ಬಾಗಿದರೆ ಅದು 50 ಪೌಂಡಿನ ಕೋಲು, ಅಂದರೆ ಸರಿಸುಮಾರು 50 ಪೌಂಡಿನ ಬಿಲ್ಲಿಗೆ ಹೊಂದುವಂಥದ್ದು. ಕಾರ್ಬನ್ ಕೋಲಿನ ಲೆಕ್ಕ ಬೇರೆ: 28 ಇಂಚು ಅಂತರ, 1.94 ಪೌಂಡ್ ತೂಕ. ಅದರ ಮೇಲೆ 500 ಎಂದಿದ್ದರೆ ಅರ್ಧ ಇಂಚು ಬಾಗುತ್ತದೆ ಎಂದರ್ಥ. ಮರದ ಬಾಣದಲ್ಲಿ ಅಂಕಿ ಹೆಚ್ಚಿದರೆ ಗಡುಸು, ಕಾರ್ಬನ್ನಿನಲ್ಲಿ ಅಂಕಿ ಹೆಚ್ಚಿದರೆ ಮೆತ್ತಗೆ. ಕೊಳ್ಳುವವರು ಎಡವುವುದು ಇಲ್ಲೇ. ಇನ್ನೊಂದು ವಿಷಯ, ಬಿಲ್ಲಿನ ಮೇಲೆ ಬರೆದ 45 ಪೌಂಡ್ ಎಂಬ ಎಳೆತದ ಬಲ ಸಾಮಾನ್ಯವಾಗಿ 28 ಇಂಚು ಎಳೆದಾಗಿನದು. 26 ಇಂಚೇ ಎಳೆಯುವವರ ಕೈಗೆ ಸಿಗುವುದು ಸುಮಾರು 40. ಬಾಣ ಆರಿಸಬೇಕಾದದ್ದು ಈ 40ಕ್ಕೆ.

ಯಾವ ಬಿಲ್ಲಿಗೆ ಯಾವ ಸ್ಪೈನ್ ಎಂದು ಹೇಳುವ ಪಟ್ಟಿ ನೋಡಿ ತಂದ ಬಾಣವೂ ಹತ್ತಿರ ಹತ್ತಿರ ಹೊಂದೀತು, ಅಷ್ಟೆ. ಉಳಿದದ್ದನ್ನು ಹೊಡೆದೇ ನೋಡಬೇಕು. ಗರಿ ಇರುವ ಮೂರು ಬಾಣ, ಗರಿ ಇಲ್ಲದ ಎರಡು ಕೋಲು ಬೇಕು. ಮೊನೆಯ ತೂಕ ಎಲ್ಲಕ್ಕೂ ಒಂದೇ. ಗರಿಯಷ್ಟೇ ತೂಕದ ಟೇಪನ್ನು ಬರಿಗೋಲಿನ ಬಾಲಕ್ಕೆ ಸುತ್ತಬೇಕು. ಮೊದಲು 10 ಮೀಟರ್, ಆಮೇಲೆ 20. ಬರಿಗೋಲಿಗೆ ಬೇಟೆಯ ಅಲಗು ಸಿಕ್ಕಿಸಿ ಎಂದೂ ಹೊಡೆಯಬಾರದು. ಹಿಡಿತ ಕೊಡಲು ಗರಿ ಇಲ್ಲದ್ದರಿಂದ ಅದು ಎಲ್ಲಿಗೆ ತಿರುಗುತ್ತದೆಂದು ಹೇಳುವಂತಿಲ್ಲ.

ಮೇಲೆ ಕೆಳಗಿನ ವ್ಯತ್ಯಾಸವನ್ನು ಮೊದಲು ಸರಿಮಾಡಬೇಕು. ಬರಿಗೋಲು ಗರಿಬಾಣಕ್ಕಿಂತ ಕೆಳಗೆ ನಾಟಿದರೆ ಹೆದೆಯ ಮೇಲೆ ಬಾಣ ಕಚ್ಚಿಸುವ ಗುರುತು ಮೇಲಿದೆ, ಇಳಿಸಬೇಕು; ಮೇಲೆ ನಾಟಿದರೆ ಏರಿಸಬೇಕು. ಹಿಡಿಯ ಮೇಲೆ ಬಾಣ ಕೂರುವ ಕಟ್ಟೆಯ ಮಟ್ಟಕ್ಕಿಂತ ಅರ್ಧ ಇಂಚು ಮೇಲಿನಿಂದ ಶುರುಮಾಡುವುದು ವಾಡಿಕೆ. ಗುರುತು ತೀರಾ ಕೆಳಗಿದ್ದರೆ ಬಾಲ ಆ ಕಟ್ಟೆಗೆ ಬಡಿದು ಪುಟಿಯುತ್ತದೆ, ಆಗ ಎಡಬಲದ ಲೆಕ್ಕವೂ ಸುಳ್ಳಾಗುತ್ತದೆ.

ನಂತರ ಎಡಬಲ. ಬಲಗೈಯಲ್ಲಿ ಹೆದೆ ಎಳೆಯುವವರಿಗೆ ಬರಿಗೋಲು ಎಡಕ್ಕೆ ಬಿದ್ದರೆ ಗಡುಸು, ಬಲಕ್ಕೆ ಬಿದ್ದರೆ ಮೆತ್ತಗೆ. ಗಡುಸಾದರೆ 100 ಗ್ರೇನ್ ಮೊನೆಯ ಬದಲು 125 ಗ್ರೇನಿನದು, ಅಂದರೆ ಸುಮಾರು 8 ಗ್ರಾಮಿನದು, ಹಾಕಿ ನೋಡಬೇಕು. ಮೆತ್ತಗಿದ್ದರೆ ಹಗುರ ಮೊನೆ, ಇಲ್ಲವೇ ಕೋಲನ್ನು ಒಂದೊಂದು ಸಲಕ್ಕೆ ಕಾಲು ಇಂಚಿನಷ್ಟು ಮೋಟು ಮಾಡುವುದು. ಕತ್ತರಿಸಿದ್ದು ಮತ್ತೆ ಬೆಳೆಯದು. ಆದ್ದರಿಂದ ಮೊನೆಯ ಪ್ರಯೋಗ ಮುಗಿದ ಮೇಲೆಯೇ ಗರಗಸ. ಹಿಡಿಯ ಪಕ್ಕದ ಚರ್ಮದ ಪಟ್ಟಿಯನ್ನು ತೆಳುವಾಗಿಸಿದರೆ ಗಡುಸು ಬಾಣವೂ ಹೊಂದಿಕೊಳ್ಳುತ್ತದೆ, ದಪ್ಪ ಮಾಡಿದರೆ ಮೆತ್ತಗಿನದು.

ಪಳಗಿದವರನ್ನೂ ದಾರಿತಪ್ಪಿಸುವ ಒಂದು ತೊಡಕಿದೆ. ಕೋಲು ವಿಪರೀತ ಮೆತ್ತಗಿದ್ದರೆ ಅದರ ಬಾಲ ಹಿಡಿಗೆ ಬಡಿದು, ಬಾಣ ಎಡಕ್ಕೇ ಚಿಮ್ಮುತ್ತದೆ, ಗಡುಸಿನಂತೆ ಕಾಣುತ್ತದೆ. ಮೊನೆಯ ತೂಕ ಹೆಚ್ಚಿಸಿದಾಗ ಇನ್ನೂ ಎಡಕ್ಕೆ ಸರಿದರೆ ಕೋಲು ಮೆತ್ತಗೆಂದೇ ತಿಳಿಯಬೇಕು. ಬಿಟ್ಟಾಗ ‘ಟಕ್’ ಎಂಬ ಸದ್ದು, ಚರ್ಮದ ಪಟ್ಟಿಯ ಮೇಲೆ ಉಜ್ಜಿದ ಗೆರೆ, ಇವೂ ಸಾಕ್ಷಿ. ಒಂದೆರಡು ಹೊಡೆತ ನೋಡಿ ತೀರ್ಮಾನಿಸಬಾರದು. ಬೆರಳು ಬಿಡುವ ತಪ್ಪೂ ಹೀಗೇ ಕಾಣುತ್ತದೆ.

ಗುರಿಹಲಗೆಗೆ ಹೊಡೆಯುವವರು ಇಷ್ಟಕ್ಕೆ ನಿಲ್ಲಿಸಬಹುದು, ಬೇಟೆಗಾರರಿಗೆ ಆಗದು. ಅಗಲವಾದ ಅಲಗು ಮುಂಭಾಗದಲ್ಲಿ ರೆಕ್ಕೆಯಂತೆ ಗಾಳಿ ಹಿಡಿಯುತ್ತದೆ. ಗರಿ ಮುಚ್ಚಿಟ್ಟ ದೋಷವನ್ನೆಲ್ಲ ಅದು ಬಯಲು ಮಾಡುತ್ತದೆ. ಓರೆಯಾಗಿ ತಾಗಿದ ಬಾಣ ಆಳಕ್ಕೆ ಇಳಿಯದೆ ಪ್ರಾಣಿ ಗಾಯಗೊಂಡು ಓಡುತ್ತದೆ. ಅದಕ್ಕೇ ಅಲ್ಲಿ ಒಂದೇ ತೂಕದ ಅಭ್ಯಾಸದ ಮೊನೆ ಮತ್ತು ಅಲಗು ಎರಡೂ ಒಂದೆಡೆ ನಾಟುವವರೆಗೆ ತಿದ್ದುತ್ತಾರೆ. ಬಿಲ್ಲಿನ ಪ್ರತಿ ಪೌಂಡಿಗೆ 9–10 ಗ್ರೇನ್ ಬಾಣದ ತೂಕ ಇಟ್ಟುಕೊಳ್ಳುತ್ತಾರೆ. 45 ಪೌಂಡಿನ ಬಿಲ್ಲಿಗೆ 450 ಗ್ರೇನ್ ಎಂದರೆ 29 ಗ್ರಾಂ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ಅಪರಾಧ. ಲೇಖನದಲ್ಲಿ ಈ ಮಾತು ಒಂದು ಕಡೆಯಾದರೂ ಇರಬೇಕಿತ್ತು. ಆದರೆ ಬಿದಿರಿನ ಬಿಲ್ಲು ಹಿಡಿದು ‘ಇಂಡಿಯನ್ ರೌಂಡ್’ ಸ್ಪರ್ಧೆಗೆ ಇಳಿಯುವ ಮಕ್ಕಳು ಇಲ್ಲಿದ್ದಾರೆ, ಮೇಲಿನ ಅಲಗಿನ ಸಂಗತಿ ಬಿಟ್ಟು ಉಳಿದದ್ದೆಲ್ಲ ಅವರಿಗೂ ಅನ್ವಯಿಸುತ್ತದೆ. ಅವರಿಗೆ ಡಜನ್ ಲೆಕ್ಕದಲ್ಲಿ ಮಾರುವ ಮರದ ಬಾಣಗಳ ಮೇಲೆ ಸ್ಪೈನ್ ನಮೂದಿಸದಿದ್ದರೆ, ಒಂದೇ ಕಟ್ಟಿನಲ್ಲಿ 35ರದೂ 50ರದೂ ಸೇರಿಕೊಳ್ಳಬಹುದು. ಹುಡುಗನ ಬಾಣ ಚೆದುರಿದರೆ ಬೈಗುಳ ಅವನ ಕೈಗೆ. ಹಲಗೆಗೆ 26 ಇಂಚು ಅಂತರದಲ್ಲಿ ಎರಡು ಮೊಳೆ ಹೊಡೆದು, 907 ಗ್ರಾಂ ತೂಕದ ಮರಳಿನ ಚೀಲ ಮತ್ತು ಒಂದು ಸ್ಕೇಲು ಇಟ್ಟುಕೊಂಡರೆ ಅರ್ಧ ಗಂಟೆಯಲ್ಲಿ ಡಜನ್ ಬಾಣ ವಿಂಗಡಿಸಬಹುದು. ಮರದ ವಾರ್ಷಿಕ ಗೆರೆಗಳ ಅಂಚು ಕಾಣುವ ಬದಿ, ಅಂದರೆ ಹೊಡೆಯುವಾಗ ಬಿಲ್ಲಿನ ಕಡೆಗಿರುವ ಬದಿ, ಮೇಲಾಗಿರುವಂತೆ ಇಟ್ಟೇ ಅಳೆಯಲಿ.

ಇತಿ,
ಬಿಲ್ಲುಗಾರಿಕೆ ತರಬೇತುದಾರ, ಮೈಸೂರು