ಮಲೇರಿಯಾ ಕೇಸ್ ಕಡಿಮೆಯಾಯಿತೆಂದು ಕಾವಲು ಬಿಡಬೇಡಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ. ನಾನು ಮಂಗಳೂರಿನ ಒಂದು ಚಿಕ್ಕ ಲ್ಯಾಬಿನಲ್ಲಿ ಟೆಕ್ನಿಷಿಯನ್. ಇಪ್ಪತ್ತು ವರ್ಷದಿಂದ ಮಲೇರಿಯಾ ಇದೆಯಾ ಎಂದು ರಕ್ತದ ಸ್ಲೈಡ್ ನೋಡುತ್ತಿದ್ದೇನೆ. ಒಂದು ಕಾಲದಲ್ಲಿ ಮಳೆಗಾಲ ಬಂತೆಂದರೆ ಮಧ್ಯಾಹ್ನದ ಊಟಕ್ಕೂ ಏಳಲು ಆಗುತ್ತಿರಲಿಲ್ಲ. ಚಳಿಜ್ವರದವರ ಸಾಲು ಮೆಟ್ಟಿಲಿನವರೆಗೆ ಇರುತ್ತಿತ್ತು. ಈಗ ಎಷ್ಟೋ ವಾರ ಒಂದೂ ಪಾಸಿಟಿವ್ ಸಿಗುವುದಿಲ್ಲ. ಖುಷಿಯಾಗುತ್ತದೆ. ಹೆದರಿಕೆಯೂ ಆಗುತ್ತದೆ, ಅದಕ್ಕೇ ಈ ಪತ್ರ.

ಮಲೇರಿಯಾ ಇಲ್ಲಿ ತಾನಾಗಿ ಕಡಿಮೆಯಾಗಲಿಲ್ಲ. ನಮ್ಮೂರಿನ ಮಕ್ಕಳ ವೈದ್ಯ ಡಾ. ಬಿ. ಶಾಂತಾರಾಮ ಬಾಳಿಗಾ ಮತ್ತು ಜೊತೆಗಾರರು ಇದಕ್ಕಾಗಿ ವರ್ಷಗಟ್ಟಲೆ ದುಡಿದಿದ್ದಾರೆ. 2015ರ ಅಕ್ಟೋಬರ್‌ನಲ್ಲಿ ಇಲ್ಲಿ ಟ್ಯಾಬ್ (ಕೈಯಲ್ಲಿ ಹಿಡಿಯುವ ಚಿಕ್ಕ ಕಂಪ್ಯೂಟರ್) ಹಿಡಿದು ಮಲೇರಿಯಾ ಬೆನ್ನಟ್ಟುವ ಪದ್ಧತಿ ಶುರುವಾಯಿತು. ಅದರ ಐದು ವರ್ಷದ ಲೆಕ್ಕವನ್ನು ಅವರು 2021ರಲ್ಲಿ ‘ಮಲೇರಿಯಾ ಜರ್ನಲ್’ ಎಂಬ ಸಂಶೋಧನಾ ಪತ್ರಿಕೆಯಲ್ಲಿ ಪ್ರಕಟಿಸಿದರು.

ಮೊದಲೆಲ್ಲ ನಾವು ಪಾಸಿಟಿವ್ ಬಂದವರ ಹೆಸರನ್ನು ಕಾಗದದಲ್ಲಿ ಬರೆದು ಕಳಿಸುತ್ತಿದ್ದೆವು. ಅದು ಕಚೇರಿಗೆ ಮುಟ್ಟಿ, ಅಲ್ಲಿಂದ ಯಾರಾದರೂ ರೋಗಿಯ ಮನೆ ಹುಡುಕುವಷ್ಟರಲ್ಲಿ ಸೊಳ್ಳೆ ಇನ್ನು ನಾಲ್ಕು ಜನರನ್ನು ಕಚ್ಚಿ ಆಗಿರುತ್ತಿತ್ತು. ಈಗ ಕಂಪ್ಯೂಟರಿಗೆ ಹಾಕಿದರೆ ಸಾಕು, ಆ ವಾರ್ಡಿನ ಆರೋಗ್ಯ ಕಾರ್ಯಕರ್ತರಿಗೆ ಸುದ್ದಿ ಹೋಗುತ್ತದೆ. ಅವರು ಮನೆಗೆ ಹೋಗಿ ಮಾತ್ರೆ ಸಿಕ್ಕಿದೆಯಾ ನೋಡುತ್ತಾರೆ. ಅಕ್ಕಪಕ್ಕದವರ ರಕ್ತ ತೆಗೆಯುತ್ತಾರೆ. ಟ್ಯಾಂಕು, ಬಾವಿ, ಸಂಪಿನಲ್ಲಿ ಸೊಳ್ಳೆಮರಿ ಇದೆಯಾ ಎಂದು ಇಣುಕುತ್ತಾರೆ. ಕೆಲವರು ಇದನ್ನು ಸಾಫ್ಟ್‌ವೇರಿನ ಗೆಲುವು ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಟ್ಯಾಬ್ ಐದನೇ ಮಹಡಿ ಹತ್ತಿ ಟ್ಯಾಂಕಿನ ಮುಚ್ಚಳ ತೆಗೆಯುವುದಿಲ್ಲ.

ಹೋದ ವರ್ಷ ಕೊಪ್ಪಳದ ಕಡೆಯ ಒಬ್ಬ ಹುಡುಗ ಬಂದಿದ್ದ. ಸೆಂಟ್ರಿಂಗ್ ಕೆಲಸದವನು. ವೈವಾಕ್ಸ್ ಎಂಬ ಜಾತಿಯ ಮಲೇರಿಯಾ ಪಾಸಿಟಿವ್. ಮೂರು ತಿಂಗಳ ಮೇಲೆ ಮತ್ತೆ ಬಂದ, ಮತ್ತೆ ಅದೇ. ಮಾತ್ರೆ ಪೂರ್ತಿ ತಗೊಂಡಿದ್ದೆಯಾ ಎಂದು ಕೇಳಿದೆ. “ಮೂರು ದಿನಕ್ಕ ಜ್ವರಾ ಬಿಟ್ಟಿತ್ರಿ ಅಕ್ಕಾರ, ಮತ್ಯಾಕ ಗುಳಿಗಿ ಅಂತ ಬಿಟ್ಟೆ” ಎಂದ. ಅವನನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಕ್ಲೋರೋಕ್ವಿನ್ ಮಾತ್ರೆ ಮೂರು ದಿನದ್ದು, ಜ್ವರ ಇಳಿಯುತ್ತದೆ. ಲಿವರಿನಲ್ಲಿ ಅಡಗಿ ಕೂತ ವೈವಾಕ್ಸ್ ಸಾಯಬೇಕಾದರೆ ಪ್ರೈಮಾಕ್ವಿನ್ ಎಂಬ ಇನ್ನೊಂದು ಮಾತ್ರೆ 14 ದಿನ ನುಂಗಬೇಕು. ಮೈ ಹಗುರಾಗಿ ಕೆಲಸಕ್ಕೆ ಮರಳಿದ ದಿನಗೂಲಿಯವನಿಗೆ ಉಳಿದ ದಿನಗಳನ್ನು ನೆನಪಿಸುವವರು ಯಾರು? ಅಷ್ಟರಲ್ಲಿ ಮೇಸ್ತ್ರಿ ಅವನನ್ನು ಬೇರೆ ಸೈಟಿಗೆ ಹಾಕಿದ್ದ. ಕಾರ್ಯಕರ್ತೆ ಹುಡುಕಿಕೊಂಡು ಹೋದಾಗ ಶೆಡ್ ಖಾಲಿಯಾಗಿತ್ತು.

ನಮ್ಮೂರಿನ ಮಲೇರಿಯಾ ಹುಟ್ಟುವುದು ಕಟ್ಟಡಗಳಲ್ಲಿ. ಅದನ್ನು ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಗೆ ತಿಳಿನೀರು ಇಷ್ಟ. ಹೊಸ ಸ್ಲ್ಯಾಬ್ ಗಟ್ಟಿಯಾಗಲೆಂದು ಅದರ ಮೇಲೆ ಕಟ್ಟಿ ನಿಲ್ಲಿಸಿದ ನೀರು, ಲಿಫ್ಟ್ ಗುಂಡಿ, ಮುಚ್ಚಳವಿಲ್ಲದ ಟ್ಯಾಂಕ್ ಇದ್ದರೆ ಆಯಿತು. ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರ, ಹತ್ತು ದಿನ ಬೇಕು. ವಾರಕ್ಕೊಮ್ಮೆ ನೀರು ಖಾಲಿ ಮಾಡಿ ಒಣಗಿಸಿದರೆ ಅಲ್ಲಿಗೆ ನಿಲ್ಲುತ್ತದೆ. ಆದರೆ ಅದೇ ಕಟ್ಟಡದ ಬುಡದಲ್ಲಿ ಕೆಲಸದವರು ಸೊಳ್ಳೆಪರದೆಯಿಲ್ಲದೆ ಮಲಗುತ್ತಾರೆ. ‘ಮಲೇರಿಯಾ ತರುವವರೇ ಅವರು’ ಎಂದು ನಮ್ಮವರು ಹೇಳುವಾಗ ಹೊಟ್ಟೆ ಉರಿಯುತ್ತದೆ. ನಮ್ಮ ಅಪಾರ್ಟ್‌ಮೆಂಟ್ ಕಟ್ಟುತ್ತಾ ಅವರು ನಮ್ಮೂರ ಸೊಳ್ಳೆಯಿಂದಲೇ ಕಚ್ಚಿಸಿಕೊಳ್ಳುತ್ತಾರೆ, ಅಲ್ವಾ?

ಹೆದರಿಕೆ ಯಾಕೆಂದರೆ, ಗೆದ್ದೆವು ಎಂದುಕೊಂಡು ಸೋತದ್ದು ಮೊದಲೂ ಇದೆ. 1946ರ ಹೊತ್ತಿಗೆ ಮಲೇರಿಯಾ ತಜ್ಞ ಡಾ. ಡಿ. ಕೆ. ವಿಶ್ವನಾಥನ್ ಧಾರವಾಡ ಮತ್ತು ಉತ್ತರ ಕನ್ನಡದ ಹಳ್ಳಿಗಳಲ್ಲಿ ಮನೆ ಮನೆಗೆ ಸೊಳ್ಳೆ ಕೊಲ್ಲುವ ಡಿಡಿಟಿ ಹೊಡೆಸಿದರು. ಮಲೇರಿಯಾ ಇಳಿಯಿತು. 1953ರಲ್ಲಿ ದೇಶದ ಕಾರ್ಯಕ್ರಮ ಶುರುವಾಯಿತು. ಆಗ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು ಎಂದು ಅಂದಾಜು. 1965ಕ್ಕೆ ಅದು ಸುಮಾರು ಒಂದು ಲಕ್ಷಕ್ಕೆ ಇಳಿಯಿತು. 1976ರಲ್ಲಿ ಮತ್ತೆ 64 ಲಕ್ಷ ದಾಟಿತು. ಡಿಡಿಟಿಗೆ ಜಗ್ಗದ ಸೊಳ್ಳೆಗಳು ಒಂದು ಕಾರಣ. ಕಾವಲು ಸಡಿಲವಾದದ್ದು ಇನ್ನೊಂದು.

2030ರೊಳಗೆ ಮಲೇರಿಯಾ ಇಲ್ಲದ ದೇಶ ಎಂಬ ಗುರಿ ನಿಮ್ಮ ಮುಂದಿದೆ. ಹಾಗಾಗಿ ಕೇಳುತ್ತೇನೆ: ಕೇಸ್ ಕಡಿಮೆಯಾಯಿತೆಂದು ಒಬ್ಬ ಕಾರ್ಯಕರ್ತರನ್ನೂ ಕಡಿಮೆ ಮಾಡಬೇಡಿ. ಈಗ ಉಳಿದಿರುವ ಒಂದೊಂದು ಕೇಸಿಗೂ ಮೊದಲಿಗಿಂತ ಜಾಸ್ತಿ ಓಡಾಟ ಬೇಕು. ಹದಿನಾಲ್ಕನೇ ದಿನದ ಮಾತ್ರೆ ನುಂಗಿದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ವೈವಾಕ್ಸ್ ಕೇಸ್ ಮುಚ್ಚಲಿ. ಕೆಲಸದವರು ಊರು ಬದಲಿಸಿದರೆ ಅವರ ಮಾಹಿತಿ ಆ ಊರಿನ ಕಾರ್ಯಕರ್ತರಿಗೆ ಅದೇ ದಿನ ಹೋಗಲಿ. ನೀರು ಒಣಗಿಸದ, ಶೆಡ್ಡಿಗೆ ಸೊಳ್ಳೆಪರದೆ ಕೊಡದ ಸೈಟಿನಲ್ಲಿ ಕೆಲಸ ನಿಲ್ಲಿಸುವ ಅಧಿಕಾರ ಆರೋಗ್ಯ ಇಲಾಖೆಗೆ ಇರಲಿ. ಬರೀ ದಂಡ ಸಾಲದು, ಅದನ್ನು ಕಟ್ಟಿ ಮುಂದುವರಿಸುವುದು ಬಿಲ್ಡರಿಗೆ ಸುಲಭ.

ಮುಂದಿನ ಸಲ ಮಂಗಳೂರಿಗೆ ಬಂದಾಗ ಒಂದು ಸಂಜೆ ಸುಮ್ನೆ ಯಾವುದಾದರೂ ಸೈಟಿನ ಶೆಡ್ಡಿಗೆ ಬನ್ನಿ. ಸಭೆ, ಹಾರ ಏನೂ ಬೇಡ. ಆ ವಾರ್ಡಿನ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಳ್ಳಿ. ದಿನಕ್ಕೆ ಎಷ್ಟು ಮಹಡಿ ಹತ್ತುತ್ತೀರಮ್ಮಾ ಎಂದು ಅವರನ್ನೇ ಕೇಳಿ.

ಇತಿ,
ಮಂಗಳೂರಿನ ಒಬ್ಬ ಲ್ಯಾಬ್ ಟೆಕ್ನಿಷಿಯನ್