ಹನ್ನೆರಡು ಮಕ್ಕಳು, ಏಳು ಸಂಪುಟ, 36 ವಾರ: ಮಾನವಿಕ ತರಗತಿಗೊಂದು ದೇಣಿಗೆ ಮನವಿ

ಕನ್ನಡ ಬಂಧುಗಳೇ,

ಅಮೆರಿಕದಲ್ಲಿ ಶಾಲೆಗೆ ಹೋಗದೆ ಮನೆಯಲ್ಲೇ ಓದುವ ಹೈಸ್ಕೂಲು ಮಕ್ಕಳಿಗಾಗಿ ನಮ್ಮ ಟ್ರಸ್ಟ್ ಶಾಸ್ತ್ರೀಯ ಕ್ರೈಸ್ತ ಮಾನವಿಕ ತರಗತಿಯನ್ನು, ಅಂದರೆ ಹಳೆಯ ಮಹಾಕೃತಿಗಳ ಮೂಲಕ ಸಾಹಿತ್ಯ, ಇತಿಹಾಸ, ದೈವಶಾಸ್ತ್ರಗಳನ್ನು ಒಟ್ಟಿಗೆ ಕಲಿಸುವ ಪಾಠವನ್ನು, ಆನ್‌ಲೈನಿನಲ್ಲಿ ನಡೆಸುತ್ತದೆ. ಅಲ್ಲಿ ನೆಲೆಸಿದ ಕನ್ನಡ ಕ್ರೈಸ್ತ ಮನೆಗಳ ಮಕ್ಕಳೂ ಇದರಲ್ಲಿದ್ದಾರೆ. ಸೆಪ್ಟೆಂಬರಿನಲ್ಲಿ ಶುರುವಾಗುವ ಹತ್ತನೇ ತರಗತಿಯ ವರ್ಷಕ್ಕೆ 3,840 ಡಾಲರ್ ಕೊರತೆ ಬಿದ್ದಿದೆ. ಕೇಳುವ ಮುಂಚೆ ಲೆಕ್ಕ ಒಪ್ಪಿಸುತ್ತೇವೆ.

ಈ ವರ್ಷದ ಓದು ರೋಮಿನಿಂದ ಡಾಂಟೆಯವರೆಗೆ. ರೋಮನ್ ಕವಿ ವರ್ಜಿಲನ ಮಹಾಕಾವ್ಯ ‘ಈನಿಯಡ್’ನ 12 ಕಾಂಡಗಳಿಗೆ 8 ವಾರ. ಕ್ರೈಸ್ತ ಚಿಂತಕ ಸಂತ ಅಗಸ್ಟೀನನ ಆತ್ಮಕಥೆ ‘ಕನ್ಫೆಷನ್ಸ್’ನ 13 ಭಾಗಗಳಿಗೆ 7 ವಾರ. ಅವನದೇ ‘ಸಿಟಿ ಆಫ್ ಗಾಡ್’ನ 22 ಭಾಗಗಳಲ್ಲಿ 1, 14 ಮತ್ತು 19ನ್ನು ಮಾತ್ರ 4 ವಾರ. ರೋಮಿನ ತತ್ವಜ್ಞಾನಿ ಬೊಯೀಥಿಯಸ್ ಸೆರೆಯಲ್ಲಿದ್ದು ಬರೆದ ಸಾಂತ್ವನದ ಪುಸ್ತಕಕ್ಕೆ 3, ಇಟಲಿಯ ಕವಿ ಡಾಂಟೆಯ ‘ಡಿವೈನ್ ಕಾಮಿಡಿ’ಯ 100 ಸರ್ಗಗಳಿಗೆ 12. ಉಳಿದ 2 ವಾರ ಮೌಖಿಕ ಪರೀಕ್ಷೆಗೆ.

ಆಯ್ದ ಭಾಗಗಳ ಒಂದು ಸಂಕಲನ ಕೊಂಡರೆ ಅರ್ಧ ಖರ್ಚಿನಲ್ಲಿ ಮುಗಿಯುತ್ತದಲ್ಲ ಎಂದು ಕೇಳುವವರಿದ್ದಾರೆ. ಮುಗಿಯುವುದಿಲ್ಲ. ಡೈಡೋ ಎಂಬ ಒಬ್ಬ ರಾಣಿಯನ್ನೇ ನೋಡಿ. ‘ಈನಿಯಡ್’ನ 4ನೇ ಕಾಂಡದಲ್ಲಿ ಕಥಾನಾಯಕ ಈನಿಯಸನಿಗೆ ಮನಸೋತ ಅವಳು, ಹಳೆಯ ಬೆಂಕಿಯ ಗುರುತು ಮತ್ತೆ ಕಾಣುತ್ತಿದೆ ಎನ್ನುತ್ತಾಳೆ. ಅವನು ಬಿಟ್ಟು ಹೊರಟಾಗ ಅವನದೇ ಕತ್ತಿಯಿಂದ ಸಾಯುತ್ತಾಳೆ. ‘ಕನ್ಫೆಷನ್ಸ್’ನ ಮೊದಲ ಭಾಗದಲ್ಲಿ ಅಗಸ್ಟೀನ್, ಹುಡುಗನಾಗಿದ್ದಾಗ ಡೈಡೋಗಾಗಿ ಕಣ್ಣೀರಿಟ್ಟೆ, ದೇವರಿಂದ ದೂರವಾಗಿ ಸಾಯುತ್ತಿದ್ದ ನನಗಾಗಿ ಮಾತ್ರ ಅಳಲಿಲ್ಲ ಎಂದು ಹಳಹಳಿಸುತ್ತಾನೆ. ಡಾಂಟೆಯ ಕಾವ್ಯದ ಎರಡನೇ ಭಾಗ ‘ಪರ್ಗಟೋರಿಯೋ’ದ 30ನೇ ಸರ್ಗದಲ್ಲಿ ಅವನು ಪ್ರೀತಿಸಿದ್ದ ಬಿಯಾಟ್ರಿಸ್ ಕಾಣಿಸಿಕೊಂಡಾಗ, ಆ ಬೆಂಕಿಯ ಮಾತನ್ನೇ ಅಲ್ಲಿಯವರೆಗೆ ದಾರಿ ತೋರಿಸಿದ ವರ್ಜಿಲನಿಗೆ ಹೇಳಲೆಂದು ಡಾಂಟೆ ಪಕ್ಕಕ್ಕೆ ತಿರುಗುತ್ತಾನೆ. ವರ್ಜಿಲ್ ಅಲ್ಲಿಲ್ಲ. ಸೆಪ್ಟೆಂಬರಿನಲ್ಲಿ 4ನೇ ಕಾಂಡ ಓದದ ಮಗುವಿಗೆ ಏಪ್ರಿಲ್‌ನಲ್ಲಿ ಬರುವ ಆ ಸಾಲು ಬರೀ ಸಾಲು. ಪಂಪಭಾರತದ 13ನೇ ಆಶ್ವಾಸದ ನೆನಪಿಲ್ಲದೆ, ಅದರಿಂದಲೇ ಬೆಳೆದ ರನ್ನನ ಗದಾಯುದ್ಧಕ್ಕೆ ಕೈಹಾಕಿದವರಿಗೆ ಈ ನಷ್ಟ ಎಂಥದೆಂದು ಬಿಡಿಸಿ ಹೇಳಬೇಕಿಲ್ಲ.

‘ಸಿಟಿ ಆಫ್ ಗಾಡ್’ನ ಪೀಠಿಕೆಯದೂ ಇದೇ ಕತೆ. ಶರಣಾದವರನ್ನು ಉಳಿಸು, ಸೊಕ್ಕಿದವರನ್ನು ಬಗ್ಗುಬಡಿ ಎಂಬುದು ವರ್ಜಿಲನ 6ನೇ ಕಾಂಡದಲ್ಲಿ ರೋಮಿಗೆ ಸಿಕ್ಕ ಅಪ್ಪಣೆ. ಕ್ರಿ.ಶ. 410ರಲ್ಲಿ ರೋಮ್ ಲೂಟಿಯಾದ ಮೇಲೆ ಬರೆಯಲು ಕುಳಿತ ಅಗಸ್ಟೀನ್ ಅದನ್ನು, ದೇವರು ಅಹಂಕಾರಿಗಳನ್ನು ಎದುರಿಸಿ ದೀನರಿಗೆ ಕೃಪೆ ತೋರುತ್ತಾನೆಂಬ ಬೈಬಲಿನ ವಚನದ ಎದುರಿಗಿಡುತ್ತಾನೆ: ದೇವರ ಕೆಲಸವನ್ನು ರೋಮ್ ತನ್ನದೆಂದು ಹೇಳಿಕೊಂಡಿತು. ಅಗ್ಗದ ಸಂಕ್ಷಿಪ್ತ ಆವೃತ್ತಿಗಳನ್ನು ನಾವು ಕೊಳ್ಳದಿರುವುದು ಇಂಥ ಪುಟಗಳು ಕತ್ತರಿಗೆ ಸಿಗಬಾರದೆಂದೇ.

ಎಲ್ಲರ ಕೈಯಲ್ಲೂ ಒಂದೇ ಅನುವಾದ ಇರಬೇಕೆಂಬ ಹಟಕ್ಕೂ ಕಾರಣವಿದೆ. ಕೆಲವು ಇಂಗ್ಲಿಷ್ ಅನುವಾದಗಳು ಲ್ಯಾಟಿನ್ ಮೂಲದ ಸಾಲುಗಳ ಎಣಿಕೆಯನ್ನೇ ಇಟ್ಟುಕೊಳ್ಳುತ್ತವೆ, ಕೆಲವು ತಮ್ಮದೇ ಎಣಿಕೆ ಹಾಕುತ್ತವೆ. ‘ಸಾಲು 305 ತೆಗೆಯಿರಿ’ ಎಂದರೆ ಹನ್ನೆರಡು ಮಕ್ಕಳು ನಾಲ್ಕು ಕಡೆ ತೆರೆದು ಕೂರುತ್ತಾರೆ, 90 ನಿಮಿಷದ ಪಾಠದಲ್ಲಿ 15 ನಿಮಿಷ ಹುಡುಕಾಟಕ್ಕೇ ಹೋಗುತ್ತದೆ. ಹಾಗಾಗಿ ಒಂದೇ ಮುದ್ರಣದ ಏಳು ಸಂಪುಟಗಳನ್ನು ಎಲ್ಲರಿಗೂ ಕಳುಹಿಸುತ್ತೇವೆ. ಡಾಂಟೆಯದೇ ಮೂರು. ಅಮೆರಿಕದ ಅಂಚೆಯ ಮೀಡಿಯಾ ಮೇಲ್ ಪುಸ್ತಕಗಳಿಗೆ ಅಗ್ಗ, ಆದರೆ ನಿಧಾನ. ಜುಲೈ ಮುಗಿಯುವುದರೊಳಗೆ ಪುಸ್ತಕ ಕೊಳ್ಳದಿದ್ದರೆ ಮೊದಲ ವಾರವೇ ತಪ್ಪುತ್ತದೆ. ವರ್ಷದ ಕೊನೆಗೆ ಪುಸ್ತಕ ಮರಳಿ ಕೇಳುವುದಿಲ್ಲ, ಏಕೆಂದರೆ ಪುಟದ ಅಂಚಿನಲ್ಲಿ ಬರೆಯುವುದನ್ನು ನಾವೇ ಕಲಿಸುತ್ತೇವೆ.

ಪಾಠ ವಾರಕ್ಕೆ ಎರಡು ಬಾರಿ. ಮೊದಲ 10 ನಿಮಿಷ ಪುಸ್ತಕ ಮುಚ್ಚಿ ಓದಿದ್ದನ್ನು ಹೇಳಬೇಕು, ಆಮೇಲೆ 20 ನಿಮಿಷ ಗಟ್ಟಿಯಾಗಿ ಓದು, ಉಳಿದದ್ದು ಚರ್ಚೆ. ಪುಸ್ತಕ ಬಿಟ್ಟು ಸಾರಾಂಶ ಓದಿಕೊಂಡು ಬರುವುದು ಈಗಿನ ದೊಡ್ಡ ಪಿಡುಗು. ಅದಕ್ಕೆ ಒಂದು ಸಣ್ಣ ಬಲೆ ಇದೆ: ಸತ್ತವರಿರುವ ಪಾತಾಳದಲ್ಲಿ ಈನಿಯಸ್, ಮನಸ್ಸಿಲ್ಲದೆ ನಿನ್ನನ್ನು ಬಿಟ್ಟು ಹೊರಟೆ ಎಂದಾಗ ಡೈಡೋ ಏನೆಂದಳು? ಓದದವರು ಉದ್ದುದ್ದ ಉತ್ತರ ಕೊಡುತ್ತಾರೆ. ಓದಿದವರಿಗೆ ಗೊತ್ತು, ಅವಳು ತುಟಿ ಬಿಚ್ಚುವುದೇ ಇಲ್ಲ.

ಮನೆಶಾಲೆಯ ಮಕ್ಕಳ ಅಂಕಪಟ್ಟಿಯನ್ನು ಸಾಮಾನ್ಯವಾಗಿ ತಂದೆತಾಯಿಯೇ ಸಿದ್ಧಪಡಿಸುತ್ತಾರೆ. ಟೆಕ್ಸಸ್‌ನಲ್ಲಿ ಸರ್ಕಾರಕ್ಕೆ ವರದಿ ಕೊಡಬೇಕಿಲ್ಲ, ನ್ಯೂಯಾರ್ಕಿನಲ್ಲಿ ಮೂರು ತಿಂಗಳಿಗೊಮ್ಮೆ ಕೊಡಬೇಕು. ಆದ್ದರಿಂದ ಗಂಟೆಗಳ ದಾಖಲೆಯನ್ನು ನಾವು ಎಲ್ಲ ಮನೆಗಳಿಗೂ ಕಳುಹಿಸುತ್ತೇವೆ. ಕ್ರೆಡಿಟ್ ಎಂದರೆ ಹೈಸ್ಕೂಲಿನಲ್ಲಿ ಒಂದು ವಿಷಯವನ್ನು ಓದಿ ಮುಗಿಸಿದ್ದಕ್ಕೆ ಅಂಕಪಟ್ಟಿಯಲ್ಲಿ ಸಿಗುವ ಮಾನ್ಯತೆ. ಒಂದು ಕ್ರೆಡಿಟ್‌ಗೆ, ಗಂಟೆ ಎಣಿಸಿ ಅಳೆಯುವ ಹಳೆಯ ಕಾರ್ನೆಗಿ ಲೆಕ್ಕ 120 ಗಂಟೆ. ವಾರಕ್ಕೆ ಪಾಠ 3, ಓದು 5, ಬರವಣಿಗೆ 2 ಗಂಟೆಯಂತೆ 36 ವಾರಕ್ಕೆ 360 ಗಂಟೆಯಾಗಿ ಇಂಗ್ಲಿಷ್, ಇತಿಹಾಸ, ದೈವಶಾಸ್ತ್ರ ಮೂರಕ್ಕೂ ಒಂದೊಂದು ಕ್ರೆಡಿಟ್ ಸಿಗುತ್ತದೆ.

ಇನ್ನು ಹಣ. ಪಾಠ 108 ಗಂಟೆ. ಪ್ರತಿ ಮಗು ಮೂರು ವಾರಕ್ಕೊಂದು ಪ್ರಬಂಧ ಬರೆದರೆ ಒಟ್ಟು 144, ಒಂದನ್ನು ತಿದ್ದಲು ಅರ್ಧ ಗಂಟೆ, ಅಂದರೆ 72 ಗಂಟೆ. ಎರಡೂ ಸೇರಿ 180 ಗಂಟೆ, ಶಿಕ್ಷಕರಿಗೆ ಗಂಟೆಗೆ 40 ಡಾಲರಿನಂತೆ 7,200. ಶಿಕ್ಷಕರ ತಯಾರಿಯ ಸಮಯವನ್ನು ಲೆಕ್ಕಕ್ಕೆ ಹಿಡಿದಿಲ್ಲ, ಹಿಡಿದರೆ ಈ ಮನವಿ ಇನ್ನೂ ದೊಡ್ಡದಾಗುತ್ತಿತ್ತು. ಒಂದು ಮಗುವಿನ ಪಾಲು 600. ಎಂಟು ಮನೆಗಳು ಕೊಡುತ್ತವೆ, ನಾಲ್ಕಕ್ಕೆ ಸಾಧ್ಯವಿಲ್ಲ, ಅದು 2,400. ಪುಸ್ತಕ, ಅಂಚೆ ಸೇರಿ ಮಗುವಿಗೆ 120ರಂತೆ ಹನ್ನೆರಡು ಮಕ್ಕಳಿಗೆ 1,440. ಈ ಎರಡು ಮೊತ್ತ ಸೇರಿದ್ದೇ 3,840ರ ಕೊರತೆ. ಪುಸ್ತಕಕ್ಕೆ ಕೊಡಲು ದಾನಿಗಳಿಗೆ ಖುಷಿ, ತಿದ್ದುವ ಕೈಗೆ ಕೊಡಲು ಅಷ್ಟಿಲ್ಲ. ಪ್ರಬಂಧ ತಿದ್ದಿ ವಾರದೊಳಗೆ ಮರಳಿಸದಿದ್ದರೆ ಮಗು ಹಿಂದಿನ ತಪ್ಪನ್ನೇ ಮುಂದಿನದರಲ್ಲೂ ಮಾಡುತ್ತದೆ. 20 ಡಾಲರ್ ಕೊಟ್ಟರೆ ಒಂದು ಪ್ರಬಂಧ ತಿದ್ದಿದಂತೆ.

ಮನೆಯ ಹಳೆಯ ಪುಸ್ತಕಗಳನ್ನು ದಯವಿಟ್ಟು ಕಳುಹಿಸಬೇಡಿ, ಮುದ್ರಣ ಹೊಂದುವುದಿಲ್ಲ. ಅಮೆರಿಕದಲ್ಲಿರುವವರಿಗೆ ತೆರಿಗೆ ವಿನಾಯಿತಿ ಉಂಟು. 250 ಡಾಲರ್ ಅಥವಾ ಹೆಚ್ಚು ಕೊಟ್ಟರೆ ನಮ್ಮ ಲಿಖಿತ ರಸೀದಿ ತೆಗೆದಿಟ್ಟುಕೊಳ್ಳಿ. ಇಂಥದೇ ಮಗುವಿಗೆ ಎಂದು ಹೆಸರು ಹೇಳಿ ಕೊಟ್ಟ ಹಣಕ್ಕೆ ವಿನಾಯಿತಿ ಸಿಗದು. ನೀವು ಕೆಲಸ ಮಾಡುವ ಕಂಪನಿ ನಿಮ್ಮ ದೇಣಿಗೆಗೆ ತನ್ನ ಪಾಲು ಸೇರಿಸುವುದಾದರೆ ಮೊದಲೇ ವಿಚಾರಿಸಿ, ಧಾರ್ಮಿಕ ಸಂಸ್ಥೆಗಳಿಗೆ ಕೊಡದ ಕಂಪನಿಗಳೂ ಇವೆ. ಭಾರತದಲ್ಲಿರುವವರಿಗೆ ಈ ದೇಣಿಗೆಗೆ ಅಲ್ಲಿನ ಆದಾಯ ತೆರಿಗೆ ವಿನಾಯಿತಿ ಅನ್ವಯಿಸುವುದಿಲ್ಲ.

ಜುಲೈ 15ರೊಳಗೆ ತಲುಪುವ ಹಣ ಮೊದಲು ಪುಸ್ತಕಕ್ಕೆ, ಆಮೇಲೆ ಬಂದದ್ದು ಪಾಠಕ್ಕೆ. ಚೆಕ್ ಬರೆಯುವವರು ಮೆಮೊ ಸಾಲಿನಲ್ಲಿ ‘ಹತ್ತನೇ ತರಗತಿ’ ಎಂದಷ್ಟೇ ಬರೆದರೆ ಸಾಕು.