ಫ್ರೀಮಾಂಟ್‌ನಿಂದ ಅಣ್ಣನಿಗೆ

ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಪ್ರೀತಿಯ ಅಣ್ಣನಿಗೆ,

ನಾವೆಲ್ಲ ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಡಬಾರದು ಅಂತ ಹೇಳು.

ಭಾನುವಾರ ಫೋನಿನಲ್ಲಿ ನೀನು ಆಡಿದ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ನಮ್ಮ ಶೆಡ್‌ಗೆ ಸಾಲ ಮಾಡಿ ಸಿಎನ್‌ಸಿ ಮೆಷಿನ್ (ಕಂಪ್ಯೂಟರ್ ಹೇಳಿದಂತೆ ಲೋಹ ಕಡೆಯುವ ಯಂತ್ರ) ತಂದರೂ ಹಳೆ ಕೆಲಸಗಾರರು ಅದರ ಹತ್ತಿರ ಸುಳಿಯುತ್ತಿಲ್ಲ, ಕೆಟ್ಟುಹೋದ ಜಾಬ್‌ಗಳನ್ನು, ಅಂದರೆ ಮಾಡಿದ ಬಿಡಿಭಾಗಗಳನ್ನು, ಕಾಟನ್ ವೇಸ್ಟ್ ಡಬ್ಬದಲ್ಲಿ ಬಚ್ಚಿಡುತ್ತಾರೆ, ಎಲ್ಲರ ಲೆಕ್ಕ ಚುಕ್ತಾ ಮಾಡಿ ಐಟಿಐ ಹುಡುಗರನ್ನು ತೆಗೆದುಕೊಳ್ಳುತ್ತೇನೆ ಅಂದೆ. ಆಗ ನನಗೆ ಮಾತೇ ಹೊರಡಲಿಲ್ಲ.

ನಾನು ದಿನಾ ಆಫೀಸಿಗೆ ಹೋಗುವ ದಾರಿಯಲ್ಲಿ ಟೆಸ್ಲಾ ಕಾರು ಕಾರ್ಖಾನೆ ಸಿಗುತ್ತದೆ. ಹಿಂದೆ ಅದು ಜನರಲ್ ಮೋಟರ್ಸ್ (ಜಿಎಂ) ಕಂಪನಿಯದು. ಆಗ ಅಲ್ಲಿ ಐದರಲ್ಲಿ ಒಬ್ಬರು ಕೆಲಸಕ್ಕೇ ಬರುತ್ತಿರಲಿಲ್ಲವಂತೆ. ಏನೇ ಆದರೂ ಕಾರು ಜೋಡಿಸುವ ಲೈನ್ ನಿಲ್ಲಿಸುವ ಹಾಗಿರಲಿಲ್ಲ. ತಪ್ಪು ಕಣ್ಣಿಗೆ ಕಂಡರೂ ಕಾರು ಮುಂದೆ ಹೋಗುತ್ತಿತ್ತು, ಆಮೇಲೆ ರಿಪೇರಿ. 1982ರಲ್ಲಿ ಬಾಗಿಲು ಹಾಕಿದರು.

1984ರಲ್ಲಿ ಟೊಯೋಟಾ ಜೊತೆ ಸೇರಿ ಅದನ್ನೇ ನುಮ್ಮಿ ಅನ್ನುವ ಹೆಸರಲ್ಲಿ ತೆರೆದರು. ಯಾರನ್ನು ಕೆಲಸಕ್ಕೆ ತೆಗೆದುಕೊಂಡರು ಗೊತ್ತಾ? ಹೆಚ್ಚಿನವರು ಅದೇ ಹಳಬರು, ಅದೇ ಯೂನಿಯನ್‌ನವರು. ನೂರಾರು ಜನರನ್ನು ಜಪಾನಿನ ತಕಾವೋಕಾ ಕಾರ್ಖಾನೆಗೆ ಕಳಿಸಿ, ಅಲ್ಲಿಯವರ ಪಕ್ಕದಲ್ಲಿ ನಿಲ್ಲಿಸಿ ಕಲಿಸಿದರು. ಇಲ್ಲಿ ಲೈನಿನ ಉದ್ದಕ್ಕೂ ತಲೆ ಮೇಲೆ ಹಗ್ಗ ಕಟ್ಟಿದರು. ಬೋಲ್ಟ್ ಸರಿಯಾಗಿ ಕೂರಲಿಲ್ಲವಾ, ಹಗ್ಗ ಎಳೆಯಬೇಕು. ದೀಪ ಹತ್ತುತ್ತದೆ, ಟೀಮ್ ಲೀಡರ್ ಓಡಿ ಬಂದು ಕೈ ಹಾಕುತ್ತಾನೆ. ಅಷ್ಟರಲ್ಲಿ ಸರಿಹೋಗದಿದ್ದರೆ ಮಾತ್ರ ಲೈನ್ ನಿಲ್ಲುತ್ತದೆ. ಎಳೆದವನಿಗೆ ಬೈಗುಳ ಇಲ್ಲ. ಕೆಲಸ ತಪ್ಪಿಸುವವರು ನೂರಕ್ಕೆ ಇಬ್ಬರಿಗೆ ಇಳಿದರು. 1988ರ ಸುಮಾರಿಗೆ ವ್ಯಾಪಾರ ಬಿದ್ದಾಗಲೂ ಯಾರನ್ನೂ ಮನೆಗೆ ಕಳಿಸದೆ, ಆ ಹೊತ್ತಿನಲ್ಲಿ ಟ್ರೇನಿಂಗ್ ಕೊಟ್ಟರು.

ಜಿಎಂನವರು ಲಾಸ್ ಏಂಜಲೀಸ್‌ನ ವ್ಯಾನ್ ನೈಸ್ ಕಾರ್ಖಾನೆಯಲ್ಲೂ ಇದೇ ಪದ್ಧತಿಯನ್ನು ತರಲು ಹೋದರು. ಅಲ್ಲಿ ಮೇಲಿನವರಿಗೂ ಕೆಲಸಗಾರರಿಗೂ ನಂಬಿಕೆಯೇ ಹುಟ್ಟಲಿಲ್ಲ, 1992ರಲ್ಲಿ ಮುಚ್ಚಿತು. ನುಮ್ಮಿಯೂ 2010ರಲ್ಲಿ ಮುಚ್ಚಿತು ನಿಜ. ಅದು ಜಿಎಂ ಪಾಲುದಾರಿಕೆ ಬಿಟ್ಟ ಮೇಲೆ.

ಅಣ್ಣ, ಅಪ್ಪನ ಕಾಲದಿಂದ ಜಾಬ್ ಕೆಡಿಸಿದವರ ಸಂಬಳದಲ್ಲಿ ಹಿಡಿಯುತ್ತಾ ಬಂದಿದ್ದೇವೆ, ಅಲ್ವಾ? ಹಾಗಿರುವಾಗ ಬಚ್ಚಿಡದೆ ಇನ್ನೇನು ಮಾಡಿಯಾರು? ಆ ಹಳಬರಲ್ಲಿ ಒಬ್ಬರಾದ ಟರ್ನರ್ ಮಾವ, ಲೋಹ ಕಡೆಯುವ ಲೇತ್‌ನಿಂದ ಬೀಳುವ ಚಿಪ್ಸ್‌ನ (ಲೋಹದ ಚೂರುಗಳ) ಬಣ್ಣ ನೋಡಿಯೇ ಟೂಲ್ ಮೊಂಡಾಗಿದೆ ಅನ್ನುತ್ತಾರೆ. ಆ ಕಣ್ಣು ಸಿಎನ್‌ಸಿಗೂ ಬೇಡವಾ? ಹಳಬರಿಗೆ ಸೊಕ್ಕು ಅಂತ ನೀನು ಅಂದೆ. ನನಗನ್ನಿಸುವುದು, ಅವರಿಗೆ ಭಯ. ಈ ವಯಸ್ಸಿನಲ್ಲಿ ಹುಡುಗರ ಎದುರು ತಪ್ಪು ಬಟನ್ ಒತ್ತಿದರೆ ಏನಾಗುತ್ತೋ ಅಂತ.

ಸಂಬಳದಲ್ಲಿ ಹಿಡಿಯುವುದನ್ನು ಈ ತಿಂಗಳೇ ನಿಲ್ಲಿಸು. ಯಾರ ಕೆಲಸವೂ ಹೋಗಲ್ಲ ಅಂತ ನೀನೇ ಶೆಡ್‌ನಲ್ಲಿ ನಿಂತು ಹೇಳು. ಮೆಷಿನ್ ಟ್ರೇನಿಂಗಿಗೆ ಮೊದಲು ಮಾವನನ್ನು ಕಳಿಸು, ಜೊತೆಗೆ ಒಬ್ಬ ಹುಡುಗ ಇರಲಿ. ಖರ್ಚು ನಾನು ಕಳಿಸುತ್ತೇನೆ. ಬೇಡ ಅನ್ನಬೇಡ.

ಅತ್ತಿಗೆಗೆ ನೆನಪು ಹೇಳು. ಟರ್ನರ್ ಮಾವನಿಗೂ ನಾನು ಕೇಳಿದೆ ಅಂತ ಹೇಳು. ನಾನು ಚಿಕ್ಕವಳಿದ್ದಾಗ ಅವರು ಲೇತ್‌ನಲ್ಲಿ ಮಾಡಿಕೊಟ್ಟ ಹಿತ್ತಾಳೆ ಬುಗುರಿ ಇಲ್ಲಿ ನನ್ನ ಮೇಜಿನ ಮೇಲೇ ಇದೆ.

ನಿನ್ನ ತಂಗಿ